ಡಬ್ಲಿನ್ನಿನಲ್ಲಿ ಕಡೂರು ಕಮಲಮ್ಮ

ಕಡೂರು ಸ್ಟೇಷನ್

ಐರ್ಲೆಂಡಿಗೆ ಹೋಗಿ ಬಂದೆ ಎಂದಾಗ ಕಡೂರಿನಲ್ಲಿ ಅರ್ಧ ಜನ ಅದನ್ನು ಇಂಗ್ಲೆಂಡ್ ಎಂದು ಕೇಳಿಸಿಕೊಂಡರು. ಉಳಿದವರು ಊಟಕ್ಕೇನು ಮಾಡಿದಿರಿ ಎಂದರು. ಚಳಿ ಹೇಗಿತ್ತು, ದನ ಎಷ್ಟು ಹಾಲು ಕೊಡುತ್ತವೆ ಎಂದು ವಿಚಾರಿಸಿದವರೂ ಇದ್ದಾರೆ. ನಾವು ಯಾರನ್ನು ನೋಡಲು ಹೋಗಿದ್ದೆವು, ಅವನು ಹೇಗಿದ್ದಾನೆ ಎಂದು ಮಾತ್ರ ಯಾರೂ ಕೇಳಲಿಲ್ಲ. ಅದನ್ನೇ ಹೇಳೋಣ ಎಂದು ಬರೆಯುತ್ತಿದ್ದೇನೆ. ಜನರ ಹೆಸರು ಬದಲಾಯಿಸಿದ್ದೇನೆ. ಊರುಗಳ ಹೆಸರು ಬದಲಾಯಿಸಲು ಮನಸ್ಸು ಬರಲಿಲ್ಲ.

ನನ್ನದು ಕಡೂರಿನಲ್ಲಿ ಫೋಟೋ ಸ್ಟುಡಿಯೋ. ರುದ್ರೇಶನದು ತರೀಕೆರೆಯಲ್ಲಿ ಜಿಮ್. ಎರಡೂ ಊರಿನವರ ಕಣ್ಣಿಗೆ ನಾವು ಸ್ನೇಹಿತರು. ನಿಜ ಹೇಳಬೇಕೆಂದರೆ ಸ್ನೇಹಕ್ಕಿಂತ ಹೆಚ್ಚು, ಬಹಳ ವರ್ಷಗಳಿಂದ. ಭಾನುವಾರಗಳಲ್ಲಿ ಲಕ್ಕವಳ್ಳಿಯ ಕಡೆ ಹೋಗಿ ಡ್ಯಾಮಿನ ಹಿನ್ನೀರು ನೋಡುತ್ತ ಕೂರುತ್ತೇವೆ. ಮದುವೆ ಯಾಕಾಗಲಿಲ್ಲ ಎಂದು ಕೇಳಿದರೆ ನಾನು ಜಾತಕದ ಮೇಲೆ ಹಾಕುತ್ತೇನೆ, ಅವನು ಜಿಮ್ಮಿನ ಮೇಲೆ ಹಾಕುತ್ತಾನೆ. ಅವನನ್ನು ಯಾರೂ ಎರಡನೇ ಸಲ ಕೇಳುವುದಿಲ್ಲ. ನಮ್ಮ ಕಡೆ ಗಟ್ಟಿಮುಟ್ಟಾದ ಗಂಡಸನ್ನು ಕಂಡರೆ "ಅಮೃತಮಹಲ್ ಹೋರಿ ಇದ್ದಂಗವ್ನೆ" ಎನ್ನುತ್ತಾರೆ. ರುದ್ರೇಶ ಅಂಥವನು.

ಮೂರನೆಯವನು ಅಜ್ಜಂಪುರದ ಲೋಕೇಶ. ಕಡೂರಿನ ಕಾಲೇಜಿನಲ್ಲಿ ನಮ್ಮಿಬ್ಬರ ಜೊತೆ ಓದಿದವನು, ನಮ್ಮಂಥವನೇ. ನರ್ಸಿಂಗ್ ಕಲಿತು ಡಬ್ಲಿನ್ನಿನ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿದ. ಅವನು ಊರಲ್ಲಿದ್ದಾಗ ಗಣೇಶನ ಹಬ್ಬದ ಪೌರಾಣಿಕ ನಾಟಕಗಳಲ್ಲಿ ಹೆಣ್ಣುಪಾತ್ರ ಮಾಡುತ್ತಿದ್ದ. ದ್ರೌಪದಿಯಾದರೆ ಅಜ್ಜಂಪುರದ ಹೆಂಗಸರು ತಮ್ಮ ಕೊರಳ ಸರ ಬಿಚ್ಚಿ ಅವನಿಗೆ ಹಾಕಿ ಕಳಿಸುತ್ತಿದ್ದರು. ಗಂಡಸರು ಬೀಡಿ ಆರಿಸಿ ಕಣ್ಣೊರೆಸಿಕೊಳ್ಳುತ್ತಿದ್ದರು. ರುದ್ರೇಶ ಮಾತ್ರ ಒಂದು ಸಲವೂ ಆ ನಾಟಕಗಳಿಗೆ ಬಂದವನಲ್ಲ.

"ಅವ್ನಂಥೋರಿಂದಾನೇ ನಮ್ಮಂಥೋರ್ಗೆ ಕೆಟ್ಟ ಹೆಸ್ರು ಕಣೋ ಗಿರೀಶ" ಎನ್ನುತ್ತಿದ್ದ.

ಲೋಕೇಶ ಎಷ್ಟೋ ಸಲ ಕರೆದ ಮೇಲೆ ಈ ಸಲ ಹೊರಟೆವು. ರುದ್ರೇಶ ತರೀಕೆರೆಯಲ್ಲೇ ರೈಲು ಹತ್ತಿ ಬಂದಿದ್ದ. ನಾನು ಕಡೂರಿನಲ್ಲಿ ಹತ್ತಿದಾಗ ಅವನು ಕಿಟಕಿ ಪಕ್ಕ ಕೂತು ಕೊಡುಬಳೆಯ ಡಬ್ಬ ತೊಡೆಯ ಮೇಲಿಟ್ಟುಕೊಂಡಿದ್ದ.

"ಏನೋ ಇದು, ಮದ್ವೆ ದಿಬ್ಬಣಕ್ಕೆ ಹೊಂಟಂಗೆ?" ಎಂದೆ.

"ಅಲ್ಲೇನ್ ಸಿಗುತ್ತೋ ಏನೋ. ಲೋಕಿಗೆ ಇಷ್ಟ ಅಂತ ಅವ್ವ ಮಾಡ್ಕೊಟ್ಳು" ಎಂದ. ಸಿಟ್ಟಿದ್ದದ್ದು ಲೋಕೇಶನ ವೇಷದ ಮೇಲೆ, ಲೋಕೇಶನ ಮೇಲಲ್ಲ. ಇವೆರಡನ್ನೂ ಬೇರೆ ಬೇರೆ ಇಡಬಹುದು ಎಂದು ಅವನೂ ನಂಬಿದ್ದ, ನಾನೂ ನಂಬಿದ್ದೆ.

ಡಬ್ಲಿನ್

ವಿಮಾನ ನಿಲ್ದಾಣದಲ್ಲಿ ನಮ್ಮನ್ನು ತಡೆದದ್ದು ವಿಭೂತಿ. ರುದ್ರೇಶನ ಚೀಲದಲ್ಲಿ ವಿಭೂತಿಯ ಉಂಡೆಯೂ ಪ್ರೋಟೀನ್ ಪುಡಿಯ ಡಬ್ಬವೂ ಪಕ್ಕಪಕ್ಕ ಇದ್ದವು. ಬಿಳಿ ಪುಡಿಯನ್ನು ಕಂಡು ಕಸ್ಟಮ್ಸ್‌ನ ದಪ್ಪನೆಯ ಹೆಂಗಸೊಬ್ಬರು ಇದೇನು ಎಂದರು. ಇಂಗ್ಲಿಷಿನಲ್ಲಿ ವಿಭೂತಿಯನ್ನು ವಿವರಿಸುವುದು ಎಷ್ಟು ಕಷ್ಟ ಎಂದು ಆಗ ಗೊತ್ತಾಯಿತು. ಬೂದಿ ಎಂದರೆ ಯಾರ ಬೂದಿ ಎಂದು ಕೇಳುತ್ತಾರೆ. ಕೊನೆಗೆ ರುದ್ರೇಶ ಬೆರಳು ಒದ್ದೆ ಮಾಡಿಕೊಂಡು ಅಲ್ಲೇ ಹಣೆಗೆ ಮೂರು ಪಟ್ಟೆ ಎಳೆದು ತೋರಿಸಿದ. ಆಕೆ ತಲೆ ಓರೆ ಮಾಡಿ ನೋಡಿ, ನಿನಗೆ ಚೆನ್ನಾಗಿ ಒಪ್ಪುತ್ತದೆ ಎಂದು ಚೀಲ ತಳ್ಳಿದರು. ಅವನು ದಾರಿಯುದ್ದಕ್ಕೂ ನಾಚಿಕೊಂಡೇ ಇದ್ದ.

ಆ ಊರಿನವರಿಗೆ ಒಂದು ಅಭ್ಯಾಸವಿದೆ. ಬಸ್ಸಿನಿಂದ ಇಳಿಯುವಾಗ ಪ್ರತಿಯೊಬ್ಬರೂ ಡ್ರೈವರನಿಗೆ ಥ್ಯಾಂಕ್ಸ್ ಹೇಳಿಯೇ ಇಳಿಯುತ್ತಾರೆ. ಶಾಲೆ ಮಕ್ಕಳು, ಕುಡಿದವರು, ಕಿವಿಗೆ ಫೋನು ಸಿಕ್ಕಿಸಿಕೊಂಡವರು, ಯಾರೂ ಬಿಡುವುದಿಲ್ಲ. ನಾನೂ ಹೇಳಿ ಹೇಳಿ ರೂಢಿಯಾಗಿ, ವಾಪಸು ಬಂದ ಮೇಲೆ ಸಖರಾಯಪಟ್ಟಣದ ಬಸ್ಸಿನಲ್ಲಿ ಹೇಳಿದೆ. "ಯಾಕ್ರೀ, ಟಿಕೀಟ್ ತಗಂಡಿಲ್ವಾ?" ಎಂದು ಕಂಡಕ್ಟರು ಅನುಮಾನದಿಂದ ನೋಡಿದರು.

ಲೋಕೇಶ ಸ್ವಲ್ಪ ದಪ್ಪಗಾಗಿದ್ದ. ನಮ್ಮನ್ನು ತಬ್ಬಿಕೊಂಡು ಬಿಡಲೇ ಇಲ್ಲ. ಅವನು ಇರುವುದು ಡೆಕ್ಲನ್ ಎಂಬವನ ಜೊತೆ. ಡೆಕ್ಲನ್ ಮನೆಗಳ ಚಾವಣಿ ಹಾಕುವ ಕೆಲಸಗಾರ. ಅಗಲ ಭುಜ, ಬಿಸಿಲಿಗೆ ಕೆಂಪಾದ ಕತ್ತು. ಸಂಜೆ ಹೊತ್ತು ಬಡಾವಣೆಯ ಫುಟ್‌ಬಾಲ್ ತಂಡಕ್ಕೆ ತರಬೇತಿ ಕೊಡುತ್ತಾನೆ. ಮಾತಿಗಿಂತ ಮುಂಚೆ ಚಹಾ ಮಾಡುತ್ತಾನೆ, ಮಾತು ಮುಗಿದ ಮೇಲೆ ಇನ್ನೊಂದು ಸಲ ಮಾಡುತ್ತಾನೆ. ಅವನೂ ರುದ್ರೇಶನೂ ಮೊದಲ ದಿನವೇ ತೋಳಿನ ವ್ಯಾಯಾಮದ ಬಗ್ಗೆ ಮಾತಾಡುತ್ತ ಕೂತುಬಿಟ್ಟರು. ಒಬ್ಬನ ಇಂಗ್ಲಿಷ್ ಇನ್ನೊಬ್ಬನಿಗೆ ತಿಳಿಯುತ್ತಿರಲಿಲ್ಲ. ತೋಳು ಮಡಚಿ ತೋರಿಸಿದರೆ ಸಾಕಾಗುತ್ತಿತ್ತು.

ಅಡುಗೆಮನೆಯಲ್ಲಿ ನಾನು ಲೋಕೇಶನನ್ನು ಕೇಳಿದೆ. "ಎಲ್ಲೋ ನಿನ್ನ ಕಮಲಮ್ಮ? ಒಂದು ಫೋಟೋನೂ ಕಾಣ್ಸಲ್ವಲ್ಲ ಮನೇಲಿ."

ಡಬ್ಲಿನ್ನಿನಲ್ಲಿ ನಮ್ಮ ಲೋಕೇಶ ಕೆಲವು ಭಾನುವಾರ ಒಂದು ಪಬ್ಬಿನಲ್ಲಿ ಹೆಣ್ಣುವೇಷ ಹಾಕಿ ಪ್ರದರ್ಶನ ಕೊಡುತ್ತಿದ್ದ. ಅಲ್ಲಿ ಅದಕ್ಕೆ ಡ್ರ್ಯಾಗ್ ಎನ್ನುತ್ತಾರೆ. ಅವನ ಪಾತ್ರದ ಹೆಸರು ಕಡೂರು ಕಮಲಮ್ಮ. ಅವನು ಫೋನಿನಲ್ಲಿ ಆಡಿ ತೋರಿಸಿದ ಅವಳ ಗತ್ತಿನ ಮಾತು ಕೇಳಿ ನಾನು ಸ್ಟುಡಿಯೋದಲ್ಲಿ ಒಬ್ಬನೇ ನಕ್ಕದ್ದುಂಟು.

ಲೋಕೇಶ ದನಿ ತಗ್ಗಿಸಿದ. "ಅವ್ಳು ಮನೇಗೆ ಬರಲ್ಲ ಕಣೋ. ಅವ್ಳ ಸೀರೆ, ಕೂದ್ಲು, ಬಳೆ ಎಲ್ಲಾ ಆಸ್ಪತ್ರೆ ಲಾಕರ್‌ನಾಗವೆ. ಡೆಕ್ಲನ್‌ಗೆ ಇಷ್ಟ ಇಲ್ಲ."

"ನಾಟ್ಕ ನೋಡೋಕೂ ಬರಲ್ವಾ?"

"ಊಹೂಂ. ಬಿಡು, ಚಹಾ ತಗೊಂಡೋಗು."

ಹೌತ್

ಹೌತ್ ಎಂಬುದು ಡಬ್ಲಿನ್ನಿನ ಪಕ್ಕದಲ್ಲಿ ಮೀನುಗಾರರ ದೋಣಿ ನಿಲ್ಲುವ ಊರು. ಲೋಕೇಶನಿಗೆ ಆ ದಿನ ಡ್ಯೂಟಿ ಇದ್ದುದರಿಂದ ಡೆಕ್ಲನ್ ನಮ್ಮನ್ನು ಕರೆದುಕೊಂಡು ಹೋದ. ಕಡಲ ಹಕ್ಕಿಗಳ ಬಗ್ಗೆ ಅವನು ಮೊದಲೇ ಎಚ್ಚರಿಸಿದ್ದ. ರುದ್ರೇಶ ಕೇಳಲಿಲ್ಲ. ಕಟ್ಟೆಯ ಮೇಲೆ ಕೂತು ಡಬ್ಬದ ಮುಚ್ಚಳ ತೆಗೆದದ್ದೇ ತಡ, ಕೋಳಿಗಿಂತ ದೊಡ್ಡ ಹಕ್ಕಿಯೊಂದು ಅವನ ಕೈಗೇ ಎರಗಿ ಕೊಡುಬಳೆ ಕಿತ್ತುಕೊಂಡು ಹೋಯಿತು. ನಮ್ಮ ಅಮೃತಮಹಲ್ ಹೋರಿ "ಅಯ್ಯಯ್ಯಪ್ಪೋ!" ಎಂದು ಎತ್ತರದ ದನಿಯಲ್ಲಿ ಕಿರುಚಿ ನನ್ನ ಹಿಂದೆ ಬಂದು ನಿಂತಿತು. ನಾನು ನಕ್ಕೆ. ಡೆಕ್ಲನ್ ಕೂಡ ನಕ್ಕ. ರುದ್ರೇಶ ನಗಲಿಲ್ಲ. ಕೆಮ್ಮಿ ದನಿ ಗಡುಸು ಮಾಡಿಕೊಂಡು, "ಹಾಳಾದ್ ಹಕ್ಕಿ" ಎಂದು ಇನ್ನೊಮ್ಮೆ ಬೈದ. ಮೊದಲನೆಯ ಕೂಗನ್ನು ಆ ಎರಡನೆಯ ದನಿಯಿಂದ ಅಳಿಸುತ್ತಿದ್ದ.

ಕಡಲ ಕಡೆ ಮುಖ ಮಾಡಿಕೊಂಡೇ ಡೆಕ್ಲನ್ ಕಮಲಮ್ಮನ ಮಾತು ತೆಗೆದ. ಅವನ ಮಾತಿನ ಸಾರ ಇಷ್ಟು. ಅವನು ಓದಿದ ಶಾಲೆಯಲ್ಲಿ ಮೆತ್ತಗಿನ ಹುಡುಗರನ್ನು ಹೊಡೆಯುತ್ತಿದ್ದರು. ಅವನನ್ನೂ ಹೊಡೆದಿದ್ದರು. ಹೊಡೆತ ನಿಂತದ್ದು ಅವನು ಆಟದ ಮೈದಾನದಲ್ಲಿ ಇನ್ನೊಬ್ಬನ ಹಲ್ಲು ಮುರಿದ ಮೇಲೆ. ಗಂಡಸರನ್ನು ಪ್ರೀತಿಸುವವನು ಎಂದು ಮನೆಯಲ್ಲಿ ಹೇಳಿದಾಗ ಅವನ ತಂದೆ ಹಾಗಾದರೂ ನೀನು ಗಂಡಸೇ ತಾನೇ ಎಂದರಂತೆ. ಹೌದು ಎಂದು ಇವನು ಮಾತು ಕೊಟ್ಟಿದ್ದನಂತೆ.

"ಲೋಕೇಶನನ್ನು ನಾನು ಪ್ರಾಣದಷ್ಟು ಪ್ರೀತಿಸುತ್ತೇನೆ" ಎಂದ. "ಆದರೆ ಆ ಸೀರೆಯಲ್ಲಿ ಅವನನ್ನು ಕಂಡಾಗ ನನಗೆ ಮತ್ತೆ ಶಾಲೆಯ ಮೈದಾನ ನೆನಪಾಗುತ್ತದೆ. ಜನ ಅವನನ್ನು ನೋಡಿ ನಕ್ಕರೆ ನನ್ನನ್ನು ನೋಡಿ ನಕ್ಕಂತಾಗುತ್ತದೆ."

ರುದ್ರೇಶ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದ. "ನೋಡಪ್ಪಾ. ಇಲ್ಲೀ ಗಂಡಸ್ರಿಗೂ ಅದೇ ಅನ್ಸುತ್ತೆ. ನನ್ನೊಬ್ನಿಗೇ ಅಲ್ಲ."

ಡೆಕ್ಲನ್ ಕೆಟ್ಟವನಾಗಿದ್ದರೆ ಏನಾದರೂ ಹೇಳಬಹುದಿತ್ತು. ಅವನು ತನ್ನ ಕೋಟು ಬಿಚ್ಚಿ ಚಳಿಗೆ ನಡುಗುತ್ತಿದ್ದ ನನ್ನ ಹೆಗಲಿಗೆ ಹಾಕಿದ್ದ.

ಭಾನುವಾರ ಮಧ್ಯಾಹ್ನ

ಪಬ್ಬಿನ ಹಿಂದಿನ ಕೋಣೆಯಲ್ಲಿ ಊಟದ ಹೊತ್ತು ಮುಗಿದ ಮೇಲೆ ಪ್ರದರ್ಶನ. ನಾನು ಕಡೂರಿನ ಗಾಂಭೀರ್ಯದಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿದ್ದೆ. ಅಲ್ಲಿ ಅಜ್ಜಿಯಂದಿರಿದ್ದರು, ಹುಟ್ಟುಹಬ್ಬಕ್ಕೆ ಬಂದ ಹೆಂಗಸರ ಗುಂಪಿತ್ತು. ಹೆಚ್ಚಿನವರು ನಮ್ಮಂಥ ಗಂಡಸರು, ಜೋಡಿ ಜೋಡಿಯಾಗಿ. ಒಬ್ಬರ ಹೆಗಲ ಮೇಲೆ ಇನ್ನೊಬ್ಬರು ಕೈಹಾಕಿ ಕೂತಿದ್ದರು. ಅದನ್ನು ನೋಡುವುದಕ್ಕೇ ನಾವು ಅಷ್ಟು ದೂರ ಬಂದಿದ್ದೆವೇನೋ. ನಾನು ರುದ್ರೇಶನ ಕೈ ಹಿಡಿಯಲು ಹೋದೆ. ಅವನು ನೀರಿನ ಲೋಟ ಎತ್ತಿಕೊಂಡ. ಬಾಗಿಲ ಹತ್ತಿರದ ಕುರ್ಚಿಯನ್ನು ಅವನೇ ಆರಿಸಿದ್ದ. ಡೆಕ್ಲನ್ ಬಂದಿರಲಿಲ್ಲ.

ಕಮಲಮ್ಮ ಬಂದಳು. ಹಸಿರು ಸೀರೆ, ಕೆಂಪು ರವಿಕೆ, ಹಣೆಯಲ್ಲಿ ಕಾಸಿನಗಲ ಕುಂಕುಮ, ಸೊಂಟದಲ್ಲಿ ಬೀಗದ ಕೈ. ಕಡೂರು ಸೀಮೆಯ ತೆಂಗಿನ ತೋಟದ ಒಡತಿ, ಮಗನಿಗೆ ಗಂಡು ಹುಡುಕಲು ಡಬ್ಲಿನ್ನಿಗೆ ಬಂದಿದ್ದಾಳೆ. ಇಷ್ಟೇ ಕಥೆ. ಅವಳ ಇಂಗ್ಲಿಷು ನಮ್ಮ ಸಂತೆಯ ಕನ್ನಡದ ಲಯದಲ್ಲೇ ಇತ್ತು. ಮೇಜಿನಿಂದ ಮೇಜಿಗೆ ಹೋಗಿ ಗಂಡಸರನ್ನು ಎಬ್ಬಿಸಿ ನಿಲ್ಲಿಸಿದಳು. ದನದ ಜಾತ್ರೆಯಲ್ಲಿ ನೋಡುವ ಹಾಗೆ ತೋಳು ತಟ್ಟಿದಳು, ಹಲ್ಲು ತೋರಿಸು ಎಂದಳು, ಒಂದು ಸುತ್ತು ತಿರುಗಿಸಿದಳು. ಬಿಗಿ ಅಂಗಿಯ ಕಟ್ಟುಮಸ್ತಾದವನೊಬ್ಬ ಎದೆ ಉಬ್ಬಿಸಿ ನಿಂತಾಗ ಕನ್ನಡದಲ್ಲಿ ಗೊಣಗಿದಳು. "ಗೇಯೋಕ್ ಆಯ್ತಾನೆ, ಸಂಸಾರಕ್ ಆಗಲ್ಲ." ಆ ಕೋಣೆಯಲ್ಲಿ ಅದು ಅರ್ಥವಾದದ್ದು ಇಬ್ಬರಿಗೆ. ಇಬ್ಬರಲ್ಲಿ ನಕ್ಕವನು ನಾನೊಬ್ಬ.

ಆಮೇಲೆ ಕುರ್ಚಿ ಎಳೆದು ಕೂತಳು. ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, ಬಹಳ ಸಾವಧಾನವಾಗಿ ಹೇಳಿದಳು. ನನಗೆ ಆಸ್ತಿ ಬೇಡ, ಅಂದ ಬೇಡ. ನನ್ನ ಮಗ ಒಂದೇ ಮಾತು ಹೇಳಿದ್ದಾನೆ. ಅವ್ವಾ, ನಿನ್ನನ್ನು ಕಂಡು ನಾಚಿಕೊಳ್ಳುವವನನ್ನು ಮಾತ್ರ ತರಬೇಡ ಎಂದಿದ್ದಾನೆ.

ಜನ ನಕ್ಕರು. ಒಬ್ಬ ಅಜ್ಜಿ ಮಾತ್ರ ನಗದೆ ಮೂಗೊರೆಸಿಕೊಂಡಳು. ಎಷ್ಟೋ ವರ್ಷ ಅಜ್ಜಂಪುರದ ಗಂಡಸರು ಬೀಡಿ ಆರಿಸಿದ್ದು ಇವನಿಗೇ ಎಂದು ನನಗೆ ನೆನಪಾಯಿತು.

ಆಗ ಅವಳು ಎದ್ದು ನೇರವಾಗಿ ರುದ್ರೇಶನ ಮುಂದೆ ಬಂದು ನಿಂತಳು. ಮುಖದಲ್ಲಿ ಲೋಕೇಶನ ನಗುವೇ ಇತ್ತು. ಸ್ನೇಹಿತನನ್ನು ತನ್ನ ಆಟದೊಳಗೆ ಕರೆದುಕೊಳ್ಳುವ ನಗು.

"ಯಾವೂರಪ್ಪಾ ನಿಂದು? ಯಾರ ಮಗ?" ಎಂದಳು, ಕನ್ನಡದಲ್ಲೇ.

ಎಲ್ಲರೂ ತಿರುಗಿ ನೋಡಿದರು. ರುದ್ರೇಶ ಕುರ್ಚಿಯನ್ನು ಹಿಂದಕ್ಕೆ ಸರಿಸಿದ. ಗಟ್ಟಿಯಾದ ಇಂಗ್ಲಿಷಿನಲ್ಲಿ, "ಸಾರಿ, ಐ ಡೋಂಟ್ ನೋ ದಿಸ್ ಲ್ಯಾಂಗ್ವೇಜ್" ಎಂದ.

ಇದೂ ಆಟದ ಭಾಗ ಎಂದುಕೊಂಡು ಜನ ಇನ್ನಷ್ಟು ನಕ್ಕರು. ಕಮಲಮ್ಮನ ಕೈ ಸೆರಗಿನ ಮೇಲೆ ನಿಂತಿತು. ಒಂದು ಉಸಿರಿನಷ್ಟು ಹೊತ್ತು ಅಲ್ಲಿ ಲೋಕೇಶನೂ ಇರಲಿಲ್ಲ, ಕಮಲಮ್ಮನೂ ಇರಲಿಲ್ಲ. ಆಮೇಲೆ ಅವಳು ಕೆನ್ನೆಗೆ ಬೆರಳಿಟ್ಟು ಎಲ್ಲರ ಕಡೆ ತಿರುಗಿ, ಅಯ್ಯೋ, ಇವನು ಫಾರಿನ್ನಿನವನಂತೆ ಎಂದು ಇಂಗ್ಲಿಷಿನಲ್ಲಿ ಕೂಗಿದಳು. ಕೋಣೆಗೆ ಕೋಣೆಯೇ ಉರುಳಾಡಿತು. ಹೋಗುತ್ತ ಹೋಗುತ್ತ ಮೆಲ್ಲಗೆ ಕನ್ನಡದಲ್ಲಿ, "ಪರದೇಶಿ" ಎಂದಳು. ಬೈದಂತಿರಲಿಲ್ಲ, ಮರುಗಿದಂತಿತ್ತು.

"ಕಡೂರು ಕಣವ್ವಾ" ಎಂದು ನಾನು ಕೂಗಬೇಕಿತ್ತು. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಅವಳು ಆಚೆ ಮೇಜಿಗೆ ಹೋಗಿಯಾಗಿತ್ತು. ಅಡ್ಡಬಾಯಿ ಹಾಕುವುದಕ್ಕೆ ನಾಟಕದಲ್ಲಿ ಒಂದು ಕ್ಷಣ ಇರುತ್ತದೆ. ತಪ್ಪಿದರೆ ತಪ್ಪಿದ ಹಾಗೆಯೇ.

ನಮ್ಮ ಪಕ್ಕದ ಮೇಜಿನಲ್ಲಿ ಗಡ್ಡ ಟ್ರಿಮ್ ಮಾಡಿದ ಇಬ್ಬರು ಸುಂದರ ಗಂಡಸರಿದ್ದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು, ಸಿಳ್ಳೆ ಹಾಕಿದವರು ಅವರೇ. ಒಬ್ಬ ಇನ್ನೊಬ್ಬನನ್ನು ಛೇಡಿಸಿದ, ಅವಳ ನಂಬರ್ ತಗೊಳ್ಳೋ ಎಂದು. ಅವನು ಮುಖ ಸಿಂಡರಿಸಿ, ಬೇಡಪ್ಪಾ, ನನಗೆ ಗಂಡಸರು ಇಷ್ಟ ಎಂದ. ನಮ್ಮ ಕಡೆ ನಮ್ಮಂಥವರು ಜೊತೆ ಹುಡುಕುವ ಆ್ಯಪ್‌ಗಳಲ್ಲಿ ಗಂಡಸರು ತಮ್ಮ ಪರಿಚಯದ ಕೆಳಗೆ "ಹೆಣ್ಣಿಗರು ಮೆಸೇಜ್ ಮಾಡಬೇಡಿ" ಎಂದು ಬರೆದಿರುತ್ತಾರೆ. ಇಲ್ಲಿ ಅದನ್ನೇ ಚಪ್ಪಾಳೆ ತಟ್ಟಿ ಹೇಳುತ್ತಾರೆ ಅನ್ನಿಸಿತು.

ಪ್ರದರ್ಶನ ಮುಗಿದ ಮೇಲೆ ಲೋಕೇಶ ಬಿಯರ್ ಪೀಪಾಯಿಗಳ ಕೋಣೆಯಲ್ಲಿ ಕೂತು ಮುಖಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಒರೆಸುತ್ತಿದ್ದ. ರವಿಕೆಯ ತೋಳು ತೋರಿಸಿದ. "ಸರೋಜಕ್ಕ ಹೊಲ್ದು ಕಳ್ಸಿದ್ದು. ಎದೆ ಅಳ್ತೆ ಹೇಳ್ದಾಗ ಯಾರಿಗೋ ಅಂತ ಕೇಳ್ಲೇ ಇಲ್ಲ ಕಣೋ ನಮ್ಮಕ್ಕ. ದಪ್ಪ ಆಗಿದೀಯಲ್ಲಾ, ಒಳಗ್ ಬಟ್ಟೆ ಬಿಟ್ಟಿವ್ನಿ, ಬಿಗಿಯಾದ್ರೆ ಹೊಲಿಗೆ ಬಿಚ್ಕೋ ಅಂದ್ಲು."

"ಲೋಕಿ, ರುದ್ರೇಶ ಹಂಗಂದಿದ್ದು..."

"ಬಯ್ಬೇಡ ಅವ್ನಿಗೆ. ಬಂದಿದ್ನಲ್ಲೋ. ಡೆಕ್ಲನ್ ಬಂದೇ ಇಲ್ಲ."

ಹೊರಗೆ ತುಂತುರು ಹನಿಯಲ್ಲಿ ರುದ್ರೇಶ ಒಬ್ಬನೇ ನಿಂತಿದ್ದ.

ಗಾಲ್ವೇ

ಮಾರನೆಯ ದಿನ ನಾವಿಬ್ಬರೇ ರೈಲಿನಲ್ಲಿ ಪಶ್ಚಿಮ ಕರಾವಳಿಯ ಗಾಲ್ವೇಗೆ ಹೊರಟೆವು. ಕಿಟಕಿಯಾಚೆ ಕಲ್ಲುಗೋಡೆಯ ಹೊಲಗಳು, ನೀಲಿ ಬಣ್ಣ ಬಳಿದ ಕುರಿಗಳು. ಬೀರೂರಿನ ಕಡೆ ಹೊಲದ ಕಲ್ಲನ್ನು ಬದುವಿಗೆ ಹಾಕುತ್ತೇವಲ್ಲ, ಇವರು ಅದನ್ನೇ ಎದೆಮಟ್ಟ ಪೇರಿಸಿದ್ದಾರೆ. ಗಾರೆ ಇಲ್ಲ, ಕಲ್ಲಿನ ಮೇಲೆ ಕಲ್ಲು. ನಡುವಿನ ಸಂದಿಯಲ್ಲಿ ಗಾಳಿ ಹಾದುಹೋಗುವುದರಿಂದಲೇ ಬೀಳುವುದಿಲ್ಲವಂತೆ. ಎದುರು ಕೂತಿದ್ದ ರೈತ ಹೇಳಿದ. ಅವನು ಇಳಿದ ಮೇಲೆ ನಾನು ರುದ್ರೇಶನನ್ನು ಕೇಳಿದೆ.

"ಯಾಕೋ ಹಂಗಂದೆ?"

ಅವನಿಗೆ ಗೊತ್ತಿತ್ತು. "ಅಷ್ಟ್ ಜನದ್ ಮುಂದೆ ನನ್ ಭಾಷೇಲಿ ನನ್ನೂರು ಕೇಳ್ದ. ನಾನೂ ಅವ್ನಂಗೇ ಅಂತ ಆಗೋಯ್ತಲ್ಲ."

"ಅಲ್ಲಿದ್ದೋರೆಲ್ಲ ನಮ್ಮಂಥೋರೇ ಅಲ್ವೇನೋ?"

"ನಮ್ಮಂಥೋರೇ. ಅದಕ್ಕೇ."

ನಾನು ತಿಳಿಯದೆ ಅವನ ಮುಖ ನೋಡಿದೆ. ಅವನು ದನಿ ಏರಿಸಿದ. "ಊರ ಜನ ಏನಾರ ಅಂದ್ಕಳ್ಲಿ ಬಿಡು, ಅವ್ರಿಗೇನೂ ಗೊತ್ತಿಲ್ಲ. ಇವ್ರಿಗೆಲ್ಲ ಗೊತ್ತು. ಇವ್ರೇ ನನ್ನ ಹೆಣ್ಣಿಗ ಅಂದ್ಬಿಟ್ರೆ ನಾನೆಲ್ಲೋಗ್ಲಿ?" ಆಮೇಲೆ, ನಾನು ಕೇಳದೆ ಇದ್ದುದನ್ನೂ ಹೇಳಿಬಿಟ್ಟ. "ನಿಂಗೂ ಹೇಳ್ಬೇಕು ಅಂತಿದ್ದೆ. ಮದ್ವೆ ಮನೇಲಿ ಹೆಣ್ಣಿನ ಸೆರಗು ಸರಿ ಮಾಡ್ತೀಯಲ್ಲ ಫೋಟೋಕ್ಕೆ, ಆಗ ನಿನ್ ಕೈ ಆಡೋದು ನೋಡಿದೀಯಾ? ಜನ ನೋಡ್ತಾರೆ ಕಣೋ. ನಂಗ್ ಒಂಥರಾ ಆಗುತ್ತೆ."

ನಾನು ಕೈಗಳನ್ನು ಕೋಟಿನ ಜೇಬಿಗೆ ಹಾಕಿಕೊಂಡೆ. ಅಷ್ಟು ವರ್ಷ ಅವನು ನಾನಿದ್ದ ಮದುವೆ ಮನೆಗಳಿಗೆ ಬಂದು ದೂರದಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದ. ನನ್ನನ್ನೇ ನೋಡುತ್ತಾನೆ ಎಂದು ಹಿಗ್ಗುತ್ತಿದ್ದೆ. ನೋಡುತ್ತಿದ್ದದ್ದು ನಿಜ.

ಗಾಲ್ವೇಯ ಕಡಲ ದಂಡೆಯಲ್ಲಿ ಉದ್ದನೆಯ ನಡೆದಾರಿ ಇದೆ. ಅದರ ಕೊನೆಯಲ್ಲಿ ಗೋಡೆಯೊಂದು ಸಿಗುತ್ತದೆ. ಎಲ್ಲರೂ ಅಲ್ಲಿವರೆಗೆ ಹೋಗಿ ಗೋಡೆಯನ್ನು ಕಾಲಿನಿಂದ ಒಮ್ಮೆ ಒದ್ದು ವಾಪಸು ತಿರುಗುತ್ತಾರೆ. ಯಾಕೆಂದು ಕೇಳಿದರೆ ಅವರಿಗೂ ಗೊತ್ತಿಲ್ಲ. ನಾವೂ ಒದ್ದೆವು. ಇಬ್ಬರು ಮುದುಕರು ಕೈಕೈ ಹಿಡಿದುಕೊಂಡು ಬಂದು, ಒಬ್ಬರಿಗೊಬ್ಬರು ಆತುಕೊಂಡು ಒದ್ದು ಹೋದರು. ರುದ್ರೇಶ ಅವರನ್ನು ಬಹಳ ದೂರದವರೆಗೆ ನೋಡಿದ.

"ಸಣ್ಣೋನಿದ್ದಾಗ ಒಂದಿನ ಅವ್ವನ್ ಸೀರೆ ಸುತ್ಕೊಂಡು ಕನ್ನಡಿ ಮುಂದೆ ಕುಣೀತಿದ್ದೆ" ಎಂದ, ಇದ್ದಕ್ಕಿದ್ದ ಹಾಗೆ. "ಅಪ್ಪ ನೋಡ್ಬಿಟ್ರು. ಹೊಡೀಲಿಲ್ಲ. ಮಾರ್ನೇ ದಿನ ಕೈ ಹಿಡ್ಕೊಂಡೋಗಿ ಗರಡಿಗೆ ಬಿಟ್ರು. ನನ್ನ ಎರಡರಷ್ಟಿರೋರ ಜೊತೆ ಕುಸ್ತಿ. ಸೋತು ಬಂದ್ರೆ ಮಾತಾಡ್ತಿರ್ಲಿಲ್ಲ. ಗೆದ್ದ ದಿನ ತಲೆ ಸವರುದ್ರು. ಈ ಮೈ ಹಂಗ್ ಬಂದಿದ್ದು ಕಣೋ." ಗೋಡೆಯನ್ನು ಇನ್ನೊಮ್ಮೆ ಒದ್ದ. "ಲೋಕಿ ಸೀರೆ ಉಟ್ಕೊಂಡು ನಗ್ತಾ ಓಡಾಡ್ತಾನೆ. ಯಾರೂ ಕೈ ಹಿಡ್ದು ಎಳ್ಕೊಂಡೋಗ್ಲಿಲ್ಲ ಅವ್ನ. ಅವ್ನ ನೋಡುದ್ರೆ ಹೊಟ್ಟೆ ಉರಿಯುತ್ತೆ."

"ಇದನ್ನ ಅವನಿಗೆ ಹೇಳೋ" ಎಂದೆ. "ಇಷ್ಟು ಹೇಳುದ್ರೆ ಸಾಕು."

"ಹೇಳ್ತೀನಿ" ಎಂದ. ಹೇಳುವ ಮನಸ್ಸು ಅವನಿಗಿತ್ತು. ಆ ಮುಖ ನಾನು ನೋಡಿದ್ದೇನೆ.

ಮತ್ತೆ ಡಬ್ಲಿನ್

ನಾವು ವಾಪಸು ಬರುವ ಹೊತ್ತಿಗೆ ಡೆಕ್ಲನ್ ಆಲೂಗಡ್ಡೆ ಬೇಯಿಸಿ, ನಮಗಾಗಿ ಸಾರಿನಂಥದೇನೋ ಮಾಡಿ ಕಾಯುತ್ತಿದ್ದ. ಮುಖ ಬೆಳಗುತ್ತಿತ್ತು. ಊಟಕ್ಕೆ ಕೂತ ಕೂಡಲೇ ಲೋಕೇಶನ ಭುಜದ ಮೇಲೆ ಕೈಯಿಟ್ಟು ಹೇಳಿದ. ನಾವು ಮದುವೆಯಾಗುತ್ತಿದ್ದೇವೆ. ಆ ದೇಶದಲ್ಲಿ ಅದು ರಿಜಿಸ್ಟರ್ ಕಚೇರಿಯಲ್ಲಿ ಆಗುವ ಮಾತು. ನನಗೆ ಕಣ್ಣು ತುಂಬಿತು. ಎದ್ದು ಇಬ್ಬರನ್ನೂ ತಬ್ಬಿಕೊಂಡೆ.

"ಇನ್ನು ಮೇಲೆ ಭಾನುವಾರಗಳನ್ನು ಲೋಕೇಶ ಮನೆಯಲ್ಲೇ ಕಳೆಯುತ್ತಾನೆ. ಅವನೇ ತೀರ್ಮಾನಿಸಿದ್ದು" ಎಂದು ಡೆಕ್ಲನ್ ಸೇರಿಸಿದ.

ಲೋಕೇಶ ತಟ್ಟೆಯಲ್ಲಿದ್ದ ಆಲೂಗಡ್ಡೆಯನ್ನು ಸಣ್ಣಗೆ ಕತ್ತರಿಸುತ್ತಿದ್ದ. ನಾನು ಮೇಜಿನ ಕೆಳಗೆ ರುದ್ರೇಶನ ಕಾಲು ತುಳಿದೆ. ಗಾಲ್ವೇಯಲ್ಲಿ ಹೇಳಿದ್ದನ್ನು ಈಗ ಹೇಳು ಎಂದು. ಅವನು ಗಂಟಲು ಸರಿಮಾಡಿಕೊಂಡ. ಡೆಕ್ಲನ್ ಅವನನ್ನೇ ನೋಡುತ್ತಿದ್ದ, ತನ್ನಂಥ ಇನ್ನೊಬ್ಬ ಗಂಡಸಿನ ಒಪ್ಪಿಗೆಗೆ ಕಾಯುವವನ ಹಾಗೆ.

"ಒಳ್ಳೇದಾಯ್ತು ಬಿಡೋ ಲೋಕಿ" ಎಂದ ರುದ್ರೇಶ.

ಲೋಕೇಶ ತಲೆಯೆತ್ತಿ ನಕ್ಕ. "ಹೂಂ ಕಣೋ. ನಿಂಗಾದ್ರೂ ಸಮಾಧಾನ ಆಯ್ತಲ್ಲ."

ಹೊರಡುವ ದಿನ ಅವನು ಆಸ್ಪತ್ರೆಯಿಂದ ಬರುವಾಗ ಒಂದು ಗಂಟು ತಂದ. ಕಮಲಮ್ಮನ ಸೀರೆಗಳು, ಸರೋಜಕ್ಕ ಹೊಲಿದ ರವಿಕೆಗಳು. "ಕೂದ್ಲು ಬೇರೆ ಒಬ್ಬಂಗೆ ಕೊಟ್ಟೆ. ಇವು ಇಲ್ಲಿ ಯಾರಿಗೂ ಆಗಲ್ಲ. ಅಕ್ಕನಿಗೆ ಕೊಟ್ಬಿಡು" ಎಂದ.

"ಬಿಡಬ್ಯಾಡ ಕಣೋ ಲೋಕಿ. ಎಷ್ಟ್ ಚೆನ್ನಾಗಿ ಮಾಡ್ತೀಯ. ಅವತ್ತೊಬ್ಳು ಅಜ್ಜಿ ಅಳ್ತಿದ್ಲು."

ಅವನು ಗಂಟನ್ನು ನನ್ನ ಚೀಲದಲ್ಲಿಟ್ಟು, ಸುಕ್ಕಾಗದ ಹಾಗೆ ಅಂಗೈಯಿಂದ ಸವರಿದ. "ಬಿಡಬ್ಯಾಡ ಅನ್ನೋರು ಭಾನುವಾರ ಬಂದು ಹೋಯ್ತಾರೆ. ಬಿಡು ಅನ್ನೋರ ಜೊತೆ ದಿನಾ ಊಟ ಮಾಡ್ಬೇಕು. ಒಂಟಿಯಾಗಿ ಇದ್ದು ನೋಡಿವ್ನಿ ಗಿರೀಶ. ಆಗಲ್ಲ."

ನಾನು ಚೀಲದ ಜಿಪ್ ಎಳೆದೆ.

ವಿಮಾನದಲ್ಲಿ ರುದ್ರೇಶ ಕಿಟಕಿಯ ಪರದೆ ಎಳೆದುಕೊಂಡು ಕೂತಿದ್ದ. ನಿದ್ದೆ ಬಂದಿದೆ ಎಂದುಕೊಂಡಿದ್ದೆ. ಕಣ್ಣು ಮುಚ್ಚಿಕೊಂಡೇ ಕೇಳಿದ.

"ಚೆನ್ನಾಗೇ ಮಾಡ್ದ, ಅಲ್ವಾ?"

"ಹೂಂ."

"ಅವ್ನಿಗ್ ಹೇಳ್ಬೇಕಿತ್ತು."

"ಹೂಂ."

ಕಡೂರು ಸ್ಟೇಷನ್ನಿನಲ್ಲಿ ನಾನು ಇಳಿದೆ. ಅವನು ಅದೇ ರೈಲಿನಲ್ಲಿ ತರೀಕೆರೆಗೆ ಹೋದ. ಜಗಳವೇನೂ ಆಗಲಿಲ್ಲ. ಫೋನ್ ಮಾಡುತ್ತಾನೆ, ಮಾತಾಡುತ್ತೇವೆ. ಲಕ್ಕವಳ್ಳಿಯ ಕಡೆ ಹೋಗುವುದು ಮಾತ್ರ ಕಡಿಮೆಯಾಗಿದೆ. ಹೋದರೂ ನಾನು ಕೈಗಳನ್ನು ಎಲ್ಲಿಡಬೇಕು ಎಂದು ಯೋಚಿಸುತ್ತ ಕೂರುತ್ತೇನೆ.

ಅಜ್ಜಂಪುರ

ಗಂಟು ಕೊಡಲು ರುದ್ರೇಶನನ್ನು ಕರೆದೆ. ಜಿಮ್ ಬಿಟ್ಟು ಬರಲಾಗುವುದಿಲ್ಲ ಎಂದ. ಒಬ್ಬನೇ ಹೋದೆ.

ಸರೋಜಕ್ಕನದು ಅಜ್ಜಂಪುರದ ಪೇಟೆಯಲ್ಲಿ ಹೊಲಿಗೆ ಅಂಗಡಿ. ಕಾಲೇಜಿನ ದಿನಗಳಲ್ಲಿ ನನಗೂ ಅವಳ ಕೈಯ ರೊಟ್ಟಿಯ ರುಚಿ ಗೊತ್ತು. ರವಿಕೆಗೆ ಅಳತೆ ಕೊಡಲು ಬಂದಿದ್ದ ಇಬ್ಬರು ಹೆಂಗಸರನ್ನು ಕಳಿಸಿ, ಸ್ಟೂಲು ಒರೆಸಿ ನನ್ನನ್ನು ಕೂರಿಸಿದಳು.

"ಹೆಂಗವ್ನಪ್ಪಾ ನಮ್ ಲೋಕಿ? ನಾಟ್ಕ ನೋಡ್ದಾ? ಜನ ಬತ್ತಾರಾ?"

"ತುಂಬಾ ಬತ್ತಾರೆ ಅಕ್ಕಾ. ಕೂರೋಕೆ ಜಾಗ ಇರ್ಲಿಲ್ಲ."

"ನಗ್ಸ್ತಾನಾ, ಅಳ್ಸ್ತಾನಾ?"

"ಎರಡೂ."

ಅವಳು ಹಿಗ್ಗಿದಳು. ನಾನು ಒಂದೊಂದು ಮಾತೂ ಮಾಡಿ ತೋರಿಸಿದೆ, ಹಲ್ಲು ನೋಡಿದ್ದು, ತೋಳು ತಟ್ಟಿದ್ದು, ಸೆರಗಿನಿಂದ ಗಾಳಿ ಹಾಕಿಕೊಂಡದ್ದು. ನನ್ನ ಕೈ ಹೇಗೆ ಆಡುತ್ತಿದೆ ಎಂದು ಆ ಹೊತ್ತು ನನಗೆ ನೆನಪಾಗಲಿಲ್ಲ. ಅವಳು ಮಿಷನ್ನಿನ ಮೇಲೆ ತಲೆಯಿಟ್ಟು ನಕ್ಕಳು. "ಅದು ನಮ್ಮ ದೊಡ್ಡವ್ವನ ಮಾತು ಕಣೋ! ಅವ್ಳಂಗೇ ಮಾಡವ್ನೆ!"

ಆಮೇಲೆ ನಾನು ಗಂಟು ಕೊಟ್ಟೆ. ಲೋಕೇಶ ಏನಾದರೂ ಕಳಿಸಿದ್ದಾನೆ ಎಂದು ಆಸೆಯಿಂದ ಬಿಚ್ಚಿದಳು. ಸೀರೆ ಎತ್ತಿದಳು. ಅದರ ಕೆಳಗೆ ತನ್ನದೇ ರವಿಕೆಗಳು. ಒಂದನ್ನು ಎತ್ತಿ ಮೂಸಿದಳು. ಕಂಕುಳ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಅವಳ ನಗು ಇನ್ನೂ ಪೂರ್ತಿ ಆರಿರಲಿಲ್ಲ.

"ಬಿಗಿ ಆಯ್ತಂತಾ?"

"ಇಲ್ಲ ಅಕ್ಕಾ. ಸರಿಯಾಗೇ ಇತ್ತು."

"ಮತ್ಯಾಕಪ್ಪಾ ವಾಪಸ್ ಕಳ್ಸವ್ನೆ?"

ಹೇಳಬೇಕೆಂದೇ ಹೋಗಿದ್ದೆ. ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡಿದ್ದೆ. ಅವನಿಗೆ ಮದುವೆ ಅಕ್ಕಾ, ಒಳ್ಳೆಯ ಮನುಷ್ಯ ಸಿಕ್ಕಿದ್ದಾನೆ, ಆದರೆ ಕಮಲಮ್ಮ ಇನ್ನಿಲ್ಲ. ಮೊದಲರ್ಧ ಹೇಳಿದರೆ ಅವಳು ಸಂತೋಷಪಡುತ್ತಿದ್ದಳೇನೋ. ಎರಡನೆಯದನ್ನು ಹೇಗೆ ಹೇಳಲಿ? ಅವಳ ತಮ್ಮನನ್ನು ಸೀರೆಯಲ್ಲಿ ಕಂಡು ನಾಚಿಕೊಂಡವರು ಅಜ್ಜಂಪುರದವರಲ್ಲ, ನಮ್ಮಂಥವರೇ ಎಂದು ಹೇಗೆ ಹೇಳಲಿ?

ನಾನು ಸುಮ್ಮನಿದ್ದುದನ್ನು ಅವಳು ಬೇರೆಯೇ ಅರ್ಥ ಮಾಡಿಕೊಂಡಳು.

"ಹೇಳಕ್ ಸಂಕೋಚ ಅವ್ನಿಗೆ. ಅಕ್ಕ ಬೇಜಾರ್ ಮಾಡ್ಕೊಂಡಾಳು ಅಂತ. ಬಿಗಿನೇ ಆಗೈತೆ" ಎಂದು ಕನ್ನಡಕ ಹಾಕಿಕೊಂಡು, ಬ್ಲೇಡು ತೆಗೆದುಕೊಂಡು ಪಕ್ಕೆಯ ಹೊಲಿಗೆ ಬಿಚ್ಚತೊಡಗಿದಳು. "ಒಂಚೂರು ಬಿಟ್ ಕೊಡ್ತೀನಿ. ಯಾರಾರ ಆ ಕಡೆ ಹೋಗೋರಿದ್ರೆ ಹೇಳಪ್ಪಾ."

"ಹೇಳ್ತೀನಿ ಅಕ್ಕಾ" ಎಂದೆ.